ಒಳಗಡೆ ಒದ್ದೆಯಾದ ರೇನ್‌ಕೋಟು

ಪಂಕಜಾಗೆ ಮೊದಲು ಅನುಮಾನ ಬಂದದ್ದು ರೇನ್‌ಕೋಟಿನಿಂದ. ಮಾರ್ಚ್ ತಿಂಗಳು. ಬಾಗಲಗುಂಟೆಯಲ್ಲಿ ಒಂದು ಹನಿ ಮಳೆಯಿಲ್ಲ. ಅಂಥದ್ದರಲ್ಲಿ ಗಂಡನ ಸ್ಕೂಟರ್ ಡಿಕ್ಕಿಯಲ್ಲಿ ಮಡಿಸಿಟ್ಟಿದ್ದ ರೇನ್‌ಕೋಟು ಒದ್ದೆ. ಅದೂ ಹೊರಗಡೆಯಲ್ಲ, ಒಳಗಡೆ.

ರಾಮಪ್ರಸಾದರು ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮದುವೆಯಾದಾಗಿನಿಂದ ತಮ್ಮ ಕರ್ಚೀಫನ್ನೂ ತಾವು ಒಗೆದುಕೊಂಡವರಲ್ಲ. ಅಂಥವರು ಈಗ ಬೆಳಕು ಹರಿಯುವ ಮೊದಲೇ ಪಾರ್ಕಿಗೆ ವಾಕಿಂಗ್ ಎಂದು ಹೊರಡುತ್ತಿದ್ದರು. ಬಂದವರೇ ಬನಿಯನ್ ಒಗೆದು ಹಾಕುತ್ತಿದ್ದರು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದರು. ಕನ್ನಡಿ ಮುಂದೆ ಅಡ್ಡಡ್ಡ ನಿಂತು ನೋಡಿಕೊಳ್ಳುವುದು ಬೇರೆ. ಚಿಕ್ಕ ಮಗಳು ಸುಕೃತಿಯ ಮದುವೆ ಮುಂದಿನ ತಿಂಗಳಿರುವಾಗ, ಮೊಮ್ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸಿನಲ್ಲಿ, ಇದೇನು ಹೊಸ ಷೋಕಿ?

ಪಂಕಜಾ ಹುರುಳಿಕಾಯಿಯನ್ನೂ ಒಂದೊಂದಾಗಿ ಮುರಿದು ನೋಡಿ ಚೀಲಕ್ಕೆ ಹಾಕುವ ಹೆಂಗಸು. ಗಂಡನನ್ನು ಬಿಡುತ್ತಾಳೆಯೇ? ದಿನವೂ ಪಾರ್ಕಿಗೆ ಹೋಗುವ ಪಕ್ಕದ ಬೀದಿಯ ಯಮುನಾಳನ್ನು ಹಿಡಿದು ಮೆಲ್ಲಗೆ ವಿಚಾರಿಸಿದಳು.

"ನಿಮ್ಮ ಯಜಮಾನ್ರಾ? ಪಾರ್ಕಲ್ಲಿ ನಾನು ಒಂದಿನಾನೂ ನೋಡಿಲ್ಲ ಕಣ್ರೀ."

ಪಂಕಜಾ ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡಳು. ಮಗಳ ಮದುವೆ ಮುಗಿಯಲಿ, ಆಮೇಲೆ ಇದೆ ಇವರಿಗೆ.

ಆದರೆ ಆ ಭಾನುವಾರ ರಾಮಪ್ರಸಾದರು ಮನೆಯ ಮೂರು ಮೆಟ್ಟಿಲು ಹತ್ತಲಾರದೆ ಗೋಡೆ ಹಿಡಿದು ನಿಂತರು. ತೊಡೆಗಳು ಊದಿಕೊಂಡಿದ್ದವು. ಅವರು ಬಚ್ಚಲಿಂದ ಬಂದ ಮೇಲೆ ಪಂಕಜಾ ಒಳಗೆ ಇಣುಕಿದಳು. ನೀರು ಹಾಕಲು ಮರೆತಿದ್ದರು. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು.

"ಏನ್ರೀ ಇದು?"

"ಉಷ್ಣ ಕಣೆ. ಒಂದು ಎಳನೀರು ಕುಡಿದ್ರೆ ಸರಿಹೋಗುತ್ತೆ."

ನಮ್ಮಲ್ಲಿ ಉಷ್ಣ ಎಂದುಬಿಟ್ಟರೆ ಮುಗಿಯಿತು. ಕಣ್ಣು ಕೆಂಪಾದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ, ಕೂಸು ರಚ್ಚೆ ಹಿಡಿದರೂ ಉಷ್ಣ. ನೆತ್ತಿಗೆ ಹರಳೆಣ್ಣೆ ತಟ್ಟಿ ಮಲಗಿಸಿದರೆ ಆಯಿತು. ಬೇರೆ ದಿನವಾಗಿದ್ದರೆ ಪಂಕಜಾಳ ಕೈಯೂ ಹರಳೆಣ್ಣೆ ಬಾಟಲಿಗೇ ಹೋಗುತ್ತಿತ್ತು. ಆದರೆ ಈಗ ಗಂಡ ಹೇಳಿದ ಒಂದು ಮಾತನ್ನೂ ನಂಬುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಆಟೋ ಕರೆದಳು. ಹೊರಡುವಾಗ ರೇನ್‌ಕೋಟನ್ನೂ ಚೀಲಕ್ಕೆ ತುರುಕಿಕೊಂಡಳು.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಪ್ರಿಯಂವದಾ ಏನು ತೊಂದರೆ ಎಂದು ಕೇಳಿದರು.

"ಸ್ವಲ್ಪ ಉಷ್ಣ ಮೇಡಂ," ಎಂದರು ರಾಮಪ್ರಸಾದರು.

ಪಂಕಜಾ ರೇನ್‌ಕೋಟು ತೆಗೆದು ಮೇಜಿನ ಮೇಲಿಟ್ಟಳು. "ಮಳೆ ಇಲ್ದೆ ಇದು ಒಳಗಡೆ ಹೇಗೆ ಒದ್ದೆ ಆಯ್ತು, ಅದನ್ನ ಕೇಳಿ ಮೇಡಂ."

ಡಾಕ್ಟರು ಅದನ್ನು ಮುಟ್ಟಿ ನೋಡಿದರು. "ಇದನ್ನ ಹಾಕ್ಕೊಂಡು ಓಡ್ತಿದ್ರಾ ಸಾರ್?"

ರಾಮಪ್ರಸಾದರು ತಲೆ ತಗ್ಗಿಸಿದರು. ಪರಿಚಯದವರ ಕಣ್ಣಿಗೆ ಬೀಳದಂತೆ ಪೀಣ್ಯದ ಗೋಡೌನುಗಳ ಹಿಂದಿನ ರಸ್ತೆಯಲ್ಲಿ ಓಡುತ್ತಿದ್ದರಂತೆ. ಕಾಲು ನೋವು ಬಂದರೂ ನಿಲ್ಲಿಸುತ್ತಿರಲಿಲ್ಲವಂತೆ. ತೂಕ ಏರೀತೆಂದು ನೀರನ್ನೂ ಕಡಿಮೆ ಮಾಡಿದ್ದರಂತೆ.

"ಬೆವರು ಹೋದಷ್ಟೂ ಬೊಜ್ಜು ಕರಗುತ್ತೆ ಅಂದ್ಕೊಂಡಿದ್ದೆ."

"ಬೆವರಲ್ಲಿ ಹೋಗೋದು ನೀರು ಸಾರ್, ಬೊಜ್ಜಲ್ಲ. ಈ ಕೋಟಿನ ಸೆಕೇಲಿ ನೀರಿಲ್ದೆ ಓಡಿ ಓಡಿ ತೊಡೆಯ ಮಾಂಸಖಂಡಾನೇ ಒಡ್ಕೊಂಡಿರೋ ಹಾಗಿದೆ. ಅದು ರಕ್ತಕ್ಕೆ ಸೇರಿ ಕಿಡ್ನಿಗೆ ಹೊಡೆಯುತ್ತೆ. ಈಗ್ಲೇ ಆಸ್ಪತ್ರೆಗೆ ಸೇರ್ಕೊಳ್ಳಿ. ನಾಳೆ ನೋಡೋಣ ಅಂದಿದ್ರೆ ಕಿಡ್ನಿ ಉಳೀತಿತ್ತೋ ಇಲ್ವೋ."

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೂ ಪಂಕಜಾಳ ಅನುಮಾನ ಪೂರ್ತಿ ಹೋಗಿರಲಿಲ್ಲ. "ಯಾರಿಗೋಸ್ಕರ ಇದೆಲ್ಲ?" ಎಂದಳು.

"ದೊಡ್ಡವಳ ಧಾರೆ ವಿಡಿಯೋ," ಎಂದರು ಅವರು.

ಧಾರೆಗೆ ಹೆಣ್ಣಿನ ತಂದೆ ಅಂಗಿ ಕಳಚಿ ಪಂಚೆ ಶಲ್ಯದಲ್ಲಿ ಕೂರಬೇಕು. ದೊಡ್ಡ ಮಗಳ ಮದುವೆಯ ವಿಡಿಯೋ ಬಂದ ದಿನ ನೆಂಟರೆಲ್ಲ ಸೇರಿ ನೋಡಿದ್ದರು. ಟೀವಿಯ ತುಂಬ ರಾಮಪ್ರಸಾದರ ಹೊಟ್ಟೆಯೇ. 'ನೋಡ್ರೇ, ಗಣಪತೀನ ಕೂರಿಸಿದ್ದಾರೆ' ಎಂದು ಯಾರೋ ಅಂದದ್ದಕ್ಕೆ ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಆ ಯಾರೋ ಪಂಕಜಾಳೇ. ನಕ್ಕು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವಳು ಮರೆತಿದ್ದಳು. ಅವರು ಮರೆತಿರಲಿಲ್ಲ.

ಇನ್ನೊಬ್ಬಳು ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಪಂಕಜಾಗೆ ಅಳು ಬಂತು.

ಕಿಡ್ನಿ ಉಳಿಯಿತು. ಸುಕೃತಿಯ ಧಾರೆಯ ದಿನ ರಾಮಪ್ರಸಾದರು ಅಂಗಿ ಕಳಚಿ ಕೂತರು. ವಿಡಿಯೋದವನು ಲೈಟು ಹಾಕಿದ. ನೀರಿನ ಗಿಂಡಿ ಹಿಡಿದು ಪಕ್ಕದಲ್ಲಿದ್ದ ಪಂಕಜಾ ಗಂಡನನ್ನು ಒಮ್ಮೆ ಓರೆಗಣ್ಣಿನಿಂದ ನೋಡಿದಳು. ಎದೆ ಉಬ್ಬಿತ್ತು, ಮುಖ ಕೆಂಪಗಾಗಿತ್ತು, ಹೊಟ್ಟೆ ಕಾಣುತ್ತಿರಲಿಲ್ಲ.

"ಉಸಿರು ಬಿಡ್ರೀ," ಎಂದಳು ಮೆಲ್ಲಗೆ.

"ವಿಡಿಯೋ ಕಣೆ," ಎಂದರು ಹಲ್ಲುಕಚ್ಚಿಕೊಂಡೇ.

"ನೀವು ಉಸಿರು ಬಿಡೋವರ್ಗೂ ನಾನು ನೀರು ಬಿಡಲ್ಲ."

ಪುರೋಹಿತರು ಅದೇ ಮಂತ್ರವನ್ನು ಇನ್ನೊಮ್ಮೆ ಹೇಳಿದರು. ರಾಮಪ್ರಸಾದರು ಉಸಿರು ಬಿಟ್ಟರು. ಹೊಟ್ಟೆ ಬಂದು ಪಂಚೆಯ ಮೇಲೆ ಆರಾಮಾಗಿ ಕೂತಿತು. ಪಂಕಜಾ ಗಿಂಡಿ ಬಗ್ಗಿಸಿದಳು.