ಜಗಲಿ ಕಂಪ್ಯೂಟರ್

ಹಿನಕಲ್‌ನ ಲಿಂಗರಾಜು ಮದುವೆ ಫೋಟೋ ತೆಗೆಯುವವನು. ಆದರೆ ಸುತ್ತಮುತ್ತ ಅವನ ಫೋಟೋಗಳಿಗಿಂತ ಅವನ ಮಡಿಗೇ ಹೆಚ್ಚು ಹೆಸರು. ದೇವರ ಮಡಿಯಲ್ಲ, ಕಂಪ್ಯೂಟರಿನ ಮಡಿ. ಯಾರೇ ಪೆನ್‌ಡ್ರೈವ್ ತಂದರೂ ಅದು ನೇರವಾಗಿ ಸ್ಟುಡಿಯೋದ ಒಳಗಿನ ಕಂಪ್ಯೂಟರಿಗೆ ಹೋಗುವಂತಿಲ್ಲ. ಬಾಗಿಲ ಪಕ್ಕ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದಕ್ಕೆ ಇಂಟರ್ನೆಟ್ಟೂ ಇಲ್ಲ, ಒಳಗಿನದರ ಸಂಪರ್ಕವೂ ಇಲ್ಲ. ಅವನು ಅದನ್ನು ಜಗಲಿ ಕಂಪ್ಯೂಟರ್ ಎನ್ನುತ್ತಿದ್ದ. ಬಂದ ಪೆನ್‌ಡ್ರೈವ್ ಮೊದಲು ಅಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ನಾಲ್ಕು ಜನರ ಮುಂದೆಯೇ ನಿಮ್ಮದರಲ್ಲಿ ವೈರಸ್ ಇದೆ ಎಂದುಬಿಡುವನು. ಮೈಯಲ್ಲಿ ಕಜ್ಜಿ ಇದೆ ಎಂದಷ್ಟೇ ಸಿಟ್ಟು ಬರುತ್ತಿತ್ತು ಜನಕ್ಕೆ.

ಇಲವಾಲದ ಗಗನಳಿಗೂ ಹೀಗೇ ಆಗಿತ್ತು. ಅವಳ ಮದುವೆಗೆ ಲಿಂಗರಾಜುವೇ ಫೋಟೋಗ್ರಾಫರ್. ಚಿಕ್ಕಪ್ಪನ ಮಗ ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನೂ ಆಲ್ಬಮ್ಮಿಗೆ ಸೇರಿಸಲೆಂದು ಅವಳು ಪೆನ್‌ಡ್ರೈವ್ ತಂದಳು. ವೈರಸ್ ಇತ್ತು. ಫೋಟೋಗಳನ್ನು ಜಗಲಿ ಕಂಪ್ಯೂಟರಿಗೆ ಇಳಿಸಿಕೊಂಡು, ಪೆನ್‌ಡ್ರೈವನ್ನು ಪೂರ್ತಿ ಅಳಿಸಿ ಕೊಟ್ಟ. ಗಗನ ಮುಖ ಊದಿಸಿಕೊಂಡು ಹೋದಳು.

ಆಮೇಲೆ ಸ್ವಲ್ಪ ದಿನಕ್ಕೆ ಅವಳ ತಂದೆ ಮರಿಸ್ವಾಮಿ ಹೃದಯಾಘಾತದಿಂದ ತೀರಿಕೊಂಡರು. ಫೋಟೋಗೆಂದು ಮೊಬೈಲ್ ಎತ್ತಿದರೆ ಸಾಕು, ಮುಖ ತಿರುಗಿಸುತ್ತಿದ್ದ ಮನುಷ್ಯ. ಮಗಳ ಧಾರೆಯ ಹೊತ್ತಿನಲ್ಲಿ ಮಾತ್ರ ಎಲ್ಲ ಮರೆತು ಮನಸಾರೆ ನಕ್ಕಿದ್ದರು. ಆಲ್ಬಮ್ ಇನ್ನೂ ಆಗಿರಲಿಲ್ಲ. ದಸರಾ ಕಳೆದ ಮೇಲೆ ಬಂದು ಅಪ್ಪನ ಫೋಟೋ ಆರಿಸಿಕೊಳ್ಳುತ್ತೇನೆಂದು ಗಗನ ಫೋನ್ ಮಾಡಿದ್ದಳು.

ಲಿಂಗರಾಜುವಿಗೆ ಚಿಂತೆಯಿರಲಿಲ್ಲ. ಫೋಟೋಗಳು ಒಳಗಿನ ಕಂಪ್ಯೂಟರಿನಲ್ಲಿದ್ದವು, ಅವುಗಳ ನಕಲು ಪ್ರತ್ಯೇಕ ಹಾರ್ಡ್‌ಡಿಸ್ಕಿನಲ್ಲಿತ್ತು. ಕೆಲಸ ಮುಗಿದೊಡನೆ ಡಿಸ್ಕ್ ಬಿಚ್ಚಿ ಬೀರುವಿನಲ್ಲಿಡುತ್ತಿದ್ದ. ಸಿಕ್ಕಿಸಿಯೇ ಇಟ್ಟ ನಕಲು ನಕಲೇ ಅಲ್ಲ, ಒಂದಕ್ಕೆ ಬಂದದ್ದು ಇನ್ನೊಂದಕ್ಕೂ ಬರುತ್ತದೆ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ಅವನೇ.

ಇಂಥವನು ಮಾಡಿದ ಕೆಲಸ ನೋಡಿ. ಆಯುಧಪೂಜೆಯ ಹಿಂದಿನ ದಿನ, ಆಲ್ಬಮ್ ಮಾಡುವ ದುಬಾರಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆಂದು ವಾಟ್ಸಾಪಿನಲ್ಲಿ ಬಂದ ಲಿಂಕನ್ನು ಒಳಗಿನ ಕಂಪ್ಯೂಟರಿನಲ್ಲೇ ಒತ್ತಿದ. ಹಾಕಿಕೊಳ್ಳುವ ಮುಂಚೆ ಆಂಟಿವೈರಸ್ ಆಫ್ ಮಾಡಿ ಎಂದು ಅದರಲ್ಲೇ ಬರೆದಿತ್ತು. ಮಾಡಿದ! ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆಯಿರಿ ಎನ್ನುವವನು ಯಾರೆಂದು ಬಿಡಿಸಿ ಹೇಳಬೇಕೇ? ಕಂಡವರ ಪೆನ್‌ಡ್ರೈವ್ ಮೇಲೆ ಅಷ್ಟು ಅನುಮಾನವಿದ್ದವನಿಗೆ ತನ್ನ ಬೆರಳಿನ ಮೇಲೆ ಒಂದಿಷ್ಟೂ ಅನುಮಾನ ಬರಲಿಲ್ಲ.

ಮಾರನೆಯ ದಿನ ಕ್ಯಾಮೆರಾ, ಲೆನ್ಸು, ಕಂಪ್ಯೂಟರ್ ಎಲ್ಲಕ್ಕೂ ಪೂಜೆ. ತಾಯಿ ಚಾಮುಂಡಮ್ಮ ಪರದೆಯ ಮೇಲೆ ಚಾಮುಂಡೇಶ್ವರಿಯ ಚಿತ್ರ ಹಾಕಿಸಿದರು. ನಕಲು ಮಾಡಲೆಂದು ಬೆಳಿಗ್ಗೆ ಸಿಕ್ಕಿಸಿದ್ದ ಹಾರ್ಡ್‌ಡಿಸ್ಕಿಗೂ ಕುಂಕುಮ, ಸೇವಂತಿಗೆ ಬಿತ್ತು. ಜಗಲಿ ಕಂಪ್ಯೂಟರನ್ನು ಮಾತ್ರ ರೋಗದ್ದೆಂದು ಬಿಟ್ಟರು. ಮಂಗಳಾರತಿಯಾದ ಮೇಲೆ ಲಿಂಗರಾಜು ಡಿಸ್ಕ್ ಬಿಚ್ಚಲು ಕೈಹಾಕಿದ.

“ಪೂಜೆ ಮಾಡಿದ್ ಆಯುಧ ಮುಟ್ಬಾರ್ದು ಕಣಪ್ಪ,” ಎಂದರು ಚಾಮುಂಡಮ್ಮ. “ನಾಳೆವರ್ಗೂ ಅಂಗೇ ಇರ್ಲಿ ಬುಡು. ತಾಯಿ ಕಾಯ್ತಾಳೆ.”

ಅವನು ಕೈ ತೆಗೆದ.

ವಿಜಯದಶಮಿಯ ಬೆಳಿಗ್ಗೆ ಪರದೆಯ ಮೇಲೆ ದೇವಿ ಇರಲಿಲ್ಲ. ಕೆಂಪು ಅಕ್ಷರದ ಇಂಗ್ಲಿಷ್ ಬರಹವಿತ್ತು. ನಿನ್ನ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ದುಡ್ಡು ಕೊಟ್ಟರೆ ಕೀಲಿ ಕೊಡುತ್ತೇವೆ ಎಂದಿತ್ತು. ಡಿಸ್ಕಿನೊಳಗೂ ಅದೇ ಬೀಗ. ಕ್ಯಾಮೆರಾದ ಕಾರ್ಡುಗಳನ್ನು ಮುಂದಿನ ಮದುವೆಗಳಿಗೆಂದು ಎಂದೋ ಅಳಿಸಿಯಾಗಿತ್ತು. ಚಾಮುಂಡಮ್ಮನಿಗೆ ತಾಯಿ ಮುನಿದಳೆಂದು ದಿಗಿಲು.

ವಿಜಯನಗರದ ರಿಪೇರಿ ಅಂಗಡಿಯ ಮನೋಹರ್ ಬಂದು ನೋಡಿದ. ಈ ಬೀಗ ತೆಗೆಯುವ ದಾರಿ ತನಗೆ ಗೊತ್ತಿಲ್ಲ, ದುಡ್ಡು ಕೊಟ್ಟರೂ ಕೀಲಿ ಬಂದೇ ಬರುತ್ತದೆಂಬ ನಂಬಿಕೆಯಿಲ್ಲ, ಎಲ್ಲ ಅಳಿಸಿ ಹೊಸದಾಗಿ ಶುರುಮಾಡು ಎಂದ. ಗಿರಾಕಿಗಳಿಗೆ ಡಿಸ್ಕ್ ಕೆಟ್ಟಿತು ಅಂದುಬಿಡು, ಯಾರಿಗೆ ಗೊತ್ತಾಗುತ್ತದೆ ಎಂದೂ ಸೇರಿಸಿದ. ಲಿಂಗರಾಜು ಹೂಂ ಅಂದ. ಗಗನ ಬಂದು ಎದುರಿಗೆ ಕೂತಾಗ ಆ ಮಾತು ಬಾಯಿಗೆ ಬರಲಿಲ್ಲ. ಲಿಂಕ್ ಒತ್ತಿದ್ದು, ಆಂಟಿವೈರಸ್ ಆಫ್ ಮಾಡಿದ್ದು, ಡಿಸ್ಕ್ ಬಿಚ್ಚದೆ ಬಿಟ್ಟದ್ದು, ಎಲ್ಲ ಹೇಳಿದ. ತಾಯಿಯ ಮಾತನ್ನು ಮಾತ್ರ ಹೇಳಲಿಲ್ಲ.

ಗಗನ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಅಪ್ಪಂದು ಒಂದೂ ಇಲ್ವಾ?” ಎಂದಳು.

ಅವಳ ಕಣ್ಣು ಬಾಗಿಲ ಪಕ್ಕಕ್ಕೆ ಹೋಯಿತು. ಅವತ್ತು ನನ್ನ ಪೆನ್‌ಡ್ರೈವ್ ಹಾಕಿದ್ದು ಇದಕ್ಕೇ ಅಲ್ಲವೇ ಎಂದು ಕೇಳಿದಳು. ಆ ಫೋಟೋ ತೆಗೆದ ಚಿಕ್ಕಪ್ಪನ ಮಗನ ಮೊಬೈಲು ಕಳೆದುಹೋಗಿ ಎಷ್ಟೋ ದಿನವಾಗಿತ್ತು. ಲಿಂಗರಾಜು ಎದ್ದು ಹಳೆಯ ಯಂತ್ರ ಹಚ್ಚಿದ. ಯಾವುದಕ್ಕೂ ಅಂಟಿಕೊಂಡಿರದ ಅದಕ್ಕೆ ಏನೂ ಆಗಿರಲಿಲ್ಲ.

ಧಾರೆಯ ಫೋಟೋ ಒಂದೇ ಒಂದಿತ್ತು. ಮರಿಸ್ವಾಮಿ ನಗುತ್ತಿದ್ದರು. ಕಂಡದ್ದು ಅರ್ಧ ಮುಖ ಮಾತ್ರ. ಇನ್ನರ್ಧಕ್ಕೆ ಅಡ್ಡವಾಗಿ ಕ್ಯಾಮೆರಾ ಎತ್ತಿಕೊಂಡು ಲಿಂಗರಾಜುವೇ ನಿಂತಿದ್ದ. ಮದುವೆಮನೆಯಲ್ಲಿ ಹಿಂದೆ ಕೂತವರು ಅವನನ್ನು ಬೈಯುವುದೇ ಇದಕ್ಕೆ.

“ನಿಮ್ಮ ಭುಜ ತೆಗ್ಯಕ್ಕಾಗಲ್ವಾ?” ಎಂದಳು ಗಗನ.

ತೆಗೆಯಬಹುದು, ಈಗ ಉಳಿದರ್ಧ ಮುಖವನ್ನೂ ಕಂಪ್ಯೂಟರೇ ಮಾಡಿಕೊಡುತ್ತದೆ ಎಂದ. ಮೌಸ್ ಮೇಲೆ ಕೈಯಿಟ್ಟವನು ಕೈ ತೆಗೆದ.

“ಆದ್ರೆ ಅದು ನಿಮ್ಮಪ್ಪ ಆಗಿರಲ್ಲ ಕಣಮ್ಮ.”

ಗಗನ ಪರದೆಯನ್ನೇ ನೋಡುತ್ತಿದ್ದಳು.

“ಹಂಗಾದ್ರೆ ನೀವೂ ಇರಿ ಬುಡಿ,” ಎಂದಳು.