ಡಾಕ್ಟ್ರಮ್ಮನಿಗಾಗಿ ಕಾದ ಅಜ್ಜಿ

ಎರಡನೇ ಪಿಯುಸಿಯಲ್ಲಿ ಕ್ಯಾತ್ಸಂದ್ರದ ಹಾಸ್ಟೆಲ್ಲಿನಲ್ಲಿದ್ದುಕೊಂಡು ನೀಟ್‌ಗೆ ಓದುತ್ತಿದ್ದೆ. ಮಾಕ್ ಟೆಸ್ಟಿನ ಅಂಕಗಳನ್ನು ಬೋರ್ಡಿಗೆ ಹಚ್ಚುವ ಹೊತ್ತಿಗೆ ರೂಮಿನ ಚಿಲಕ ಹಾಕಿಕೊಂಡು ಕೂರುತ್ತಿದ್ದೆ. ಭಯವೆಂದರೆ ಅದೇ ಎಂದುಕೊಂಡಿದ್ದೆ.

ಪರೀಕ್ಷೆಗೆ ಒಂದು ತಿಂಗಳಿದ್ದಾಗ ಗುಬ್ಬಿಯ ಮನೆಗೆ ಹೋದೆ. ಬೀದಿಯವರೆಲ್ಲ ಆಗಲೇ ನನ್ನನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು. ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಅಜ್ಜಿ ನನ್ನನ್ನು ಬಚ್ಚಲುಮನೆಗೆ ಕರೆದು, ಬಾಗಿಲು ಹಾಕಿ, ಸೆರಗು ಸರಿಸಿ, ನನ್ನ ಬೆರಳುಗಳನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಒಳಗೆ ಹುಣಸೆಬೀಜದಂಥ ಗಟ್ಟಿ ಗಂಟು. ಒತ್ತಿದರೂ ಜರುಗಲಿಲ್ಲ.

“ಯಾವಾಗಿಂದ ಅಜ್ಜಿ?”

“ನೀನು ಕಾಲೇಜಿಗೆ ಸೇರ್ದಾಗಿಂದ ಐತೆ ಕಣೇ. ಗಂಡಸು ಡಾಕ್ಟ್ರಿಗೆ ಹೆಂಗೆ ತೋರ್ಸಾದು? ನಿಮ್ಮಪ್ಪಂಗೂ ಹೇಳಿಲ್ಲ. ಮುಂದಿನ ತಿಂಗ್ಳು ನಿನ್ ಪರೀಕ್ಷೆ ಮುಗೀತದಲ್ಲ, ಆಮ್ಯಾಕೆ ನೀನೇ ನೋಡ್ತೀಯ ಅಂತ ಸುಮ್ನಿದೀನಿ. ನೋವೇನೂ ಇಲ್ಲ, ಹೆದ್ರಬ್ಯಾಡ.”

ನೋವಿಲ್ಲದ ಗಂಟಿನ ಬಗ್ಗೆ ನನಗೆ ಗೊತ್ತಿದ್ದದ್ದು ಜೀವಶಾಸ್ತ್ರದ ಪುಸ್ತಕದಲ್ಲಿ ಕ್ಯಾನ್ಸರ್ ಕುರಿತ ಅರ್ಧ ಪುಟ. ಅದು ಬಾಯಿಪಾಠವಾಗಿತ್ತು. ಸೀಟು ಸಿಕ್ಕರೂ ನಾನು ಡಾಕ್ಟರಾಗಲು ಇನ್ನೂ ಆರು ವರ್ಷ ಬೇಕಿತ್ತು. ಅಜ್ಜಿ ಒಂದು ತಿಂಗಳು ಎಂದುಕೊಂಡಿದ್ದಳು.

ಅಪ್ಪನನ್ನು ಕೂಗೋಣವೆಂದು ಬಾಗಿಲು ತೆಗೆದೆ. ಕೂಗದೆ, ಅಪ್ಪನಿದ್ದಲ್ಲಿಗೇ ನಡೆದೆ.