ಗಂಟಲ ದೀಪದ ಹವಾಲ್ದಾರರು

ಬೆಳಿಗ್ಗೆ ಎಂಟೂವರೆಗೆ ಅವರು ಒಂದು ರಬ್ಬರ್ ಕೊಳವೆಯ ತುದಿಯಲ್ಲಿರುವ ಪುಟ್ಟ ಬಲೂನಿಗೆ ಸಿರಿಂಜಿನಿಂದ ಗಾಳಿ ತುಂಬಿ, ಅದನ್ನು ಕೆನ್ನೆಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗಷ್ಟೇ ಕ್ಷೌರ ಮಾಡಿದ ಕೆನ್ನೆ. ಗಾಳಿ ಎಲ್ಲಾದರೂ ಸೋರುತ್ತಿದ್ದರೆ ಅಲ್ಲಿ ತಣ್ಣಗೆ ತಾಗಲೇಬೇಕು. ಕೊಳವೆ ಹಿಡಿದ ಎಡಗೈಯ ಹೆಬ್ಬೆರಳಿಗೆ ಉಗುರಿರಲಿಲ್ಲ. ಸೇನೆಯಲ್ಲಿದ್ದಾಗ ಒಂದು ಹೇಸರಗತ್ತೆ ಕಚ್ಚಿ ಕಿತ್ತುಕೊಂಡಿತ್ತಂತೆ.

ಕೊಡಗಿನವರು. ಸೇನೆಯಲ್ಲಿ ಹೇಸರಗತ್ತೆಗಳಿಗೂ ನಾಯಿಗಳಿಗೂ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸರ್ ಆಗಿದ್ದು, ನಿವೃತ್ತರಾದ ಮೇಲೆ ದೆಹಲಿ ಪಕ್ಕದ ಫರೀದಾಬಾದಿನ ಆ ಸಣ್ಣ ಪ್ರಾಣಿ ಕ್ಲಿನಿಕ್ಕಿಗೆ ಸೇರಿದ್ದರು. ಎಲ್ಲರಿಗೂ ಅವರು ಹವಾಲ್ದಾರರು. ನಾನು ಆ ಕ್ಲಿನಿಕ್ಕಿನ ಕಿರಿಯ ಡಾಕ್ಟರ್. ದೆಹಲಿಗೆ ಬಂದಿದ್ದು ಕೇಂದ್ರ ಸರ್ಕಾರದ ಒಂದು ಪರೀಕ್ಷೆ ಬರೆಯಲು. ಅದು ಕೈಹಿಡಿಯಲಿಲ್ಲ, ಈ ಕೆಲಸ ಸಿಕ್ಕಿತು. ಅಪ್ಪ ಕಲ್ಲುಕ್ವಾರಿಯಲ್ಲಿ ದುಡಿದವರು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು, ಆ ಹೆಮ್ಮೆ ನನಗೆ ಇವತ್ತಿಗೂ ಇದೆ. ಆಗ ಸ್ವಲ್ಪ ಜಾಸ್ತಿಯೇ ಇತ್ತು. ಹವಾಲ್ದಾರರು ಓದಿದ್ದು ಏಳನೇ ಕ್ಲಾಸು. ಅವರು ನನ್ನನ್ನು ದಿನಾ ಬೆಳಿಗ್ಗೆ ಪರೀಕ್ಷೆ ಮಾಡುತ್ತಿದ್ದುದು ನನಗೆ ಹಿಡಿಸುತ್ತಿರಲಿಲ್ಲ.

ತುರ್ತಿನ ಸಾಮಾನೆಲ್ಲ ಅವರ ಹಳೆಯ ಸೇನೆಯ ಟ್ರಂಕಿನಲ್ಲಿತ್ತು. ಬೆಕ್ಕಿನ ಮರಿಯಿಂದ ಕರುವಿನಂಥ ನಾಯಿಯವರೆಗೆ ಒಂದೊಂದಕ್ಕೂ ಒಂದೊಂದು ಅಳತೆಯ ಉಸಿರಿನ ಕೊಳವೆ, ಕೈಯಿಂದ ಹಿಸುಕಿ ಗಾಳಿ ಕೊಡುವ ಚೀಲ, ಹೃದಯ ನಿಂತರೆ ಕೊಡುವ ಚುಚ್ಚುಮದ್ದು. ಜೊತೆಗೆ ಲ್ಯಾರಿಂಗೋಸ್ಕೋಪು. ಅವರು ಅದನ್ನು ಗಂಟಲ ದೀಪ ಎನ್ನುತ್ತಿದ್ದರು. ಉಕ್ಕಿನ ಹಿಡಿ, ಅದಕ್ಕೆ ಬಾಗಿದ ಒಂದು ಪಟ್ಟಿ, ಪಟ್ಟಿಯ ಮೇಲೆ ಕಡಲೆಕಾಳಿನಷ್ಟು ಬಲ್ಬು. ಹಿಡಿಯೊಳಗೆ ಎರಡು ಪೆನ್ಸಿಲ್ ಸೆಲ್. ಆ ಬೆಳಕಿಲ್ಲದೆ ಊದಿದ ಗಂಟಲಲ್ಲಿ ಶ್ವಾಸನಾಳ ಕಾಣುವುದಿಲ್ಲ.

"ಡಾಕ್ಟ್ರೇ, ಕಣ್ಣು ಮುಚ್ಕೊಳ್ಳಿ. ಆರೂವರೆ ನಂಬರ್ ಕೊಡಿ."

ನಾನು ತಡಕಾಡಿ ಒಂದನ್ನು ಕೊಟ್ಟೆ.

"ಇದು ಮೂರೂವರೆ. ಇದನ್ನ ಅಲ್ಸೇಶಿಯನ್‌ಗೆ ಹಾಕಿದ್ರೆ ಅದು ಪೀಪಿ ಊದುತ್ತೆ. ಚಲೋ, ಇನ್ನೊಂದ್ಸಲ."

"ಹವಾಲ್ದಾರ್ರೇ, ಇದನ್ನೆಲ್ಲ ಕಾಲೇಜಲ್ಲಿ ಓದಿದೀನಿ."

"ಓದಿರ್ತೀರಿ. ನಿಮ್ಮ ಪುಸ್ತಕದಲ್ಲಿ ಎಲ್ಲ ಇದೆ, ಸಾಮಾನು ಎಲ್ಲಿದೆ ಅಂತ ಒಂದು ಬಿಟ್ಟು."

ನಿಜ ಹೇಳಬೇಕೆಂದರೆ, ಆ ಟ್ರಂಕು ತೆರೆದಾಗಲೆಲ್ಲ ಹೆಚ್ಚಾಗಿ ನಾವೇ ಸೋಲುತ್ತಿದ್ದೆವು. ಹೈವೇಯಲ್ಲಿ ಲಾರಿ ತಾಗಿದ್ದು, ಇಲಿಪಾಷಾಣ ತಿಂದಿದ್ದು, ಎಲ್ಲವೂ ತಡವಾಗಿಯೇ ಬರುತ್ತಿದ್ದವು. ಅವರು ಕೊಳವೆ ತೊಳೆದು, ಒಣಗಿಸಿ, ಮತ್ತೆ ಗಾಳಿ ತುಂಬಿ ಕೆನ್ನೆಗೆ ಹಿಡಿಯುತ್ತಿದ್ದರು. ಯಾಕಿಷ್ಟು ಒದ್ದಾಟ ಎಂದು ಒಮ್ಮೆ ಕೇಳಿದೆ.

"ಉಳಿಸೋದು ನಮ್ಮ ಕೈಲಿಲ್ಲ ಡಾಕ್ಟ್ರೇ. ಆಗಲಿಲ್ಲ ಅಂತ ಹೇಳಬಹುದು. ಸಾಮಾನು ಇರಲಿಲ್ಲ ಅಂತ ಹೇಳಬಾರದು, ಅಷ್ಟೆ."

ಅದು ಜೂನ್ ತಿಂಗಳು. ಮಧ್ಯಾಹ್ನ ಕರೆಂಟು ಹೋಗಿತ್ತು. ಫ್ಯಾನಿಲ್ಲ, ಟಿವಿಯಿಲ್ಲ, ಒಂದು ಪ್ರಾಣಿಯೂ ಬಂದಿರಲಿಲ್ಲ. ಅವತ್ತು ಕ್ರಿಕೆಟ್ ಮ್ಯಾಚ್ ಇತ್ತು. ನನ್ನ ಮೇಜಿನ ಡ್ರಾಯರಿನಲ್ಲಿ ಕೈಯಗಲದ ಒಂದು ರೇಡಿಯೋ, ಅದರ ಸೆಲ್ ಮುಗಿದಿತ್ತು. ರಸ್ತೆ ದಾಟಿದರೆ ಪಾನ್ ಅಂಗಡಿ. ಆ ಬಿಸಿಲಿಗೆ ಇಳಿಯಲು ಮನಸ್ಸಾಗಲಿಲ್ಲ. ಹವಾಲ್ದಾರರು ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂತಿದ್ದರು. ನಾನು ಟ್ರಂಕು ತೆರೆದು ಗಂಟಲ ದೀಪದ ಹಿಡಿ ತಿರುಗಿಸಿ ಎರಡೂ ಸೆಲ್ ತೆಗೆದುಕೊಂಡೆ. ಹತ್ತು ಓವರ್ ಕೇಳಿ ವಾಪಸ್ ಹಾಕಿದರಾಯಿತು ಎಂದುಕೊಂಡೆ.

ಆರನೇ ಓವರಿಗೋ ಏಳನೇ ಓವರಿಗೋ ಸ್ಕೂಟರಿನ ಸದ್ದಾಯಿತು. ರೇಡಿಯೋ ಆರಿಸಿ ಡ್ರಾಯರಿಗೆ ತಳ್ಳಿದೆ. ಹತ್ತಿರದ ಕಾರ್ಖಾನೆಯ ಒಬ್ಬ ಸೂಪರ್‌ವೈಸರ್ ಒದ್ದೆ ಟವೆಲಿನಲ್ಲಿ ಸುತ್ತಿದ ಪಗ್ ನಾಯಿಯನ್ನು ಎದೆಗೊತ್ತಿಕೊಂಡು ಒಳಗೆ ಓಡಿಬಂದರು. ಆ ಚಪ್ಪಟೆ ಮೂತಿಯ ನಾಯಿಗಳಿಗೆ ದೆಹಲಿಯ ಸೆಕೆ ಆಗಿಬರುವುದಿಲ್ಲ. ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು, ಗಂಟಲು ಊದಿಕೊಂಡು ಉಸಿರು ಸಿಕ್ಕಿಬಿದ್ದಿತ್ತು.

"ಡಾಕ್ಟರ್ ಸಾಬ್, ಕುಛ್ ಕೀಜಿಯೇ," ಏನಾದರೂ ಮಾಡಿ ಎಂದರು.

ಹವಾಲ್ದಾರರು ಕೈ ತೊಳೆಯದೆ ಓಡಿಬಂದರು. ಕಣ್ಣು ಹಾಯಿಸುವಷ್ಟರಲ್ಲಿ ಸರಿಯಾದ ಕೊಳವೆ ನನ್ನ ಕೈಯಲ್ಲಿತ್ತು. ಗಂಟಲ ದೀಪವನ್ನೂ ಕೊಟ್ಟರು. ಮಡಚಿದ ಪಟ್ಟಿ ಬಿಡಿಸಿದೆ, ಬಲ್ಬು ಹತ್ತಲಿಲ್ಲ. ಅವರು ಕಿತ್ತುಕೊಂಡು ಹಿಡಿ ತಿರುಗಿಸಿದರು. ಖಾಲಿ.

ಅವರು ನನ್ನ ಮುಖ ನೋಡಲಿಲ್ಲ. ಆ ವಯಸ್ಸಿನಲ್ಲಿ ಅಂಥ ಓಟವನ್ನು ನಾನು ಕಂಡಿಲ್ಲ. ಮೆಟ್ಟಿಲಿಳಿದು, ರಸ್ತೆ ದಾಟಿ, ಪಾನ್ ಅಂಗಡಿಗೆ. ನಾನು ಕಿಟಕಿಯ ಬೆಳಕಿನಲ್ಲಿ ಬೆರಳಿಂದ ತಡಕಿ ಕೊಳವೆ ತೂರಿಸಿದೆ. ಅದು ಅನ್ನನಾಳಕ್ಕೆ ಹೋಯಿತು. ತೆಗೆದು ಮತ್ತೆ ಹಾಕಿದೆ, ಮತ್ತೆ ಅಲ್ಲಿಗೇ. ಯಜಮಾನರು ನಾಯಿಯ ಹಿಂಗಾಲು ಹಿಡಿದುಕೊಂಡು ಅದರ ಹೆಸರು ಕರೆಯುತ್ತಲೇ ಇದ್ದರು. ಹವಾಲ್ದಾರರು ಹೊಸ ಸೆಲ್ ತಂದು ಬಲ್ಬು ಹತ್ತಿಸಿ ಕೊಟ್ಟಾಗ ಶ್ವಾಸನಾಳ ಸ್ಪಷ್ಟವಾಗಿ ಕಂಡಿತು. ಕೊಳವೆ ಒಂದೇ ಸಲಕ್ಕೆ ಇಳಿಯಿತು. ಆ ಹೊತ್ತಿಗೆ ಹೃದಯ ನಿಂತಿತ್ತು. ಅರ್ಧ ಗಂಟೆ ಎದೆ ಒತ್ತಿದೆವು. ಜೀವ ಬರಲಿಲ್ಲ.

ಡ್ರಾಯರು ನನ್ನಿಂದ ಮೂರು ಹೆಜ್ಜೆ ದೂರದಲ್ಲಿತ್ತು. "ಸೆಲ್ ರೇಡಿಯೋದಲ್ಲಿದೆ" ಎಂಬ ಎರಡು ಮಾತು ನನ್ನ ಬಾಯಿಂದ ಬರಲಿಲ್ಲ. ಗಾಬರಿಯಲ್ಲಿ ಮರೆತೆನೋ, ಯಜಮಾನರ ಎದುರಿಗೆ ನಾಚಿಕೆಯಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೂ ಒಂದು ನೆಪವೇ ಇರಬಹುದು.

ಯಜಮಾನರು ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ಬಹಳ ಪ್ರಯತ್ನಪಟ್ಟಿರಿ" ಎಂದು ಹಿಂದಿಯಲ್ಲಿ ಹೇಳಿದರು.

ಸಂಜೆ ಕ್ಲಿನಿಕ್ಕಿನ ಮಾಲೀಕರಾದ ದೊಡ್ಡ ಡಾಕ್ಟರು ಬಂದು, ಟ್ರಂಕು ಯಾರು ನೋಡಿದ್ದು ಎಂದು ಕೇಳಿದರು.

"ಬೆಳಿಗ್ಗೆ ನೋಡಿದ್ದು ನಾನೇ ಸಾಬ್," ಎಂದರು ಹವಾಲ್ದಾರರು. ಅದು ಸುಳ್ಳಲ್ಲ. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

"ನಿಮಗೆ ವಯಸ್ಸಾಯಿತು. ನಾಳೆಯಿಂದ ಇದನ್ನು ಡಾಕ್ಟರೇ ನೋಡಿಕೊಳ್ಳಲಿ, ಓದಿದವರು," ಎಂದು ದೊಡ್ಡ ಡಾಕ್ಟರು ಟ್ರಂಕಿನ ಜವಾಬ್ದಾರಿಯನ್ನು ನನಗೆ ವಹಿಸಿದರು.

ಮರುದಿನದಿಂದ ಎಂಟೂವರೆಗೆ ನಾನು ಟ್ರಂಕು ತೆರೆಯುತ್ತಿದ್ದೆ. ಅವರು ಅತ್ತ ಮೇಜು ಒರೆಸುತ್ತ ನಿಲ್ಲುತ್ತಿದ್ದರು. ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದರು. ತಿಂಗಳೊಪ್ಪತ್ತು ಹೀಗೇ ನಡೆದ ಮೇಲೆ ತಡೆಯಲಾರದೆ ಬಾಯಿಬಿಟ್ಟೆ.

"ಹವಾಲ್ದಾರ್ರೇ, ಆ ಸೆಲ್ ತೆಗೆದಿದ್ದು ನಾನು."

"ಗೊತ್ತು. ಊಟ ಮಾಡುವಾಗ ಕಾಮೆಂಟರಿ ಕೇಳಿಸ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಕಳಿಸ್ತಿದ್ರು. ಇನ್ನೊಬ್ಬ ಹೊಸಬ ಬರ್ತಿದ್ದ. ಅವನೂ ಒಂದು ನಾಯಿ ಸಾಯಿಸಿ ಕಲೀಬೇಕಿತ್ತು." ಬಟ್ಟೆ ಹಿಂಡುತ್ತ ಮುಂದುವರಿಸಿದರು: "ನಂಗೆ ಹೇಳಿ ಏನಾಗ್ಬೇಕು ಡಾಕ್ಟ್ರೇ? ಹೇಳೋದಿದ್ರೆ ನಾಯಿ ಯಜಮಾನ್ರಿಗೆ ಹೇಳಿ."

ಹೇಳಲಾಗಲಿಲ್ಲ. ಕಷ್ಟವಾಗಿದ್ದು ಆ ನಾಯಿಯ ಯಜಮಾನರು ನನ್ನ ಮೇಲಿಟ್ಟ ನಂಬಿಕೆಯಿಂದ. ವರ್ಷ ಕಳೆದ ಮೇಲೆ ಅವರು ಇನ್ನೊಂದು ನಾಯಿಮರಿ ತಂದು, ಲಸಿಕೆಗೂ ಜ್ವರಕ್ಕೂ ನನ್ನನ್ನೇ ಹುಡುಕಿಕೊಂಡು ಬರತೊಡಗಿದರು. ದೀಪಾವಳಿಗೆ ಸಿಹಿ ತರುತ್ತಿದ್ದರು. ಹವಾಲ್ದಾರರು ನಮಸ್ತೆ ಎಂದರೆ ಮಾತ್ರ ಮುಖ ತಿರುಗಿಸುತ್ತಿದ್ದರು. ಕೆಳಗಿನ ಕೆಲಸದವರೆಂದು ಹಾಗೆ ಮಾಡುತ್ತಾರೆ ಎಂದು ನಾನು ತಿಳಿದಿದ್ದೆ. ಅವರು ಹೋದ ಮೇಲೆ ಹವಾಲ್ದಾರರು ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದರು.

"ಹೇಳಿದ್ರಾ?"

"ಇಲ್ಲ."

"ಅಚ್ಛಾ." ಅಷ್ಟೆ. ಕೋಪವಿರಲಿಲ್ಲ, ಕುಹಕವೂ ಇರಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ನಾಲ್ಕನೇ ವರ್ಷದ ಚಳಿಗಾಲದಲ್ಲಿ ಅವರಿಗೆ ನ್ಯುಮೋನಿಯಾ ಹಿಡಿಯಿತು. ಹೆಂಡತಿ ಮೊದಲೇ ತೀರಿಕೊಂಡಿದ್ದರು. ಮಗ ಸೇನೆಯಲ್ಲಿ, ಗಡಿಯಲ್ಲೆಲ್ಲೋ ಪೋಸ್ಟಿಂಗ್. ನಾನೇ ಆಸ್ಪತ್ರೆಗೆ ಸೇರಿಸಿದೆ. ವಾರ್ಡಿನಲ್ಲಿ ಅವರ ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತಿದ್ದೆ. ನನಗೆ ಗೊತ್ತಿದ್ದ ವಿದ್ಯೆ ಅಲ್ಲಿ ಯಾರಿಗೂ ಬೇಕಿರಲಿಲ್ಲ. ನರ್ಸ್ ಬಂದಾಗ ಎದ್ದು ನಿಲ್ಲುವುದು, ಹೋದಾಗ ಕೂರುವುದು, ಅಷ್ಟೇ ನನ್ನ ಕೆಲಸ.

ಮೂರನೆಯ ದಿನ ಅವರು ಮಾಸ್ಕು ಸರಿಸಿ ಕೇಳಿದರು. "ಹೇಳಿದ್ರಾ?"

"ಹೂಂ, ಹೇಳಿದೆ," ಎಂದೆ.

"ಏನಂದ್ರು?"

"ಪರವಾಗಿಲ್ಲ ಅಂದ್ರು."

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಮಾಸ್ಕನ್ನು ತಾವೇ ಸರಿಯಾಗಿ ಹಾಕಿಕೊಂಡು ಗೋಡೆಯ ಕಡೆ ತಿರುಗಿದರು. ಮರುದಿನ ಬೆಳಿಗ್ಗೆ, ಮಗ ಬರುವ ಮೊದಲೇ ಹೋಗಿಬಿಟ್ಟರು.

ಸಾಯುತ್ತಿರುವವರಿಗೆ ಹೇಳಿದ ಸುಳ್ಳನ್ನು ನಿಜ ಮಾಡುವ ಹಟದಿಂದ, ಹದಿನೈದು ದಿನದ ಮೇಲೆ ಆ ಸೂಪರ್‌ವೈಸರರ ಮನೆಗೆ ಹೋದೆ. ಅವರು ಒಳಗೆ ಕರೆದು ಕೂರಿಸಿದರು, ಚಹಾಕ್ಕೆ ಹೇಳಿದರು. ನಾನು ಸೆಲ್ಲಿನ ವಿಷಯವನ್ನೂ, ರೇಡಿಯೋ ಎಲ್ಲಿತ್ತು ಎನ್ನುವುದನ್ನೂ ಬಿಡದೆ ಹೇಳಿದೆ.

ಅವರು ಹಿಂದಿಯಲ್ಲಿ ಕೇಳಿದರು: "ಆದರೆ ಆ ಫೌಜಿ ಅವತ್ತೇ ಸಂಜೆ ಇಲ್ಲಿಗೆ ಬಂದಿದ್ದರಲ್ಲ? ಈ ಬಾಗಿಲಲ್ಲಿ ಕೈಮುಗಿದು, ದೀಪ ಹತ್ತಲಿಲ್ಲ, ಸಾಮಾನು ನೋಡಿಕೊಳ್ಳುವವನು ನಾನು ಅಂದರು. ನಾನು ಬೈದು ಕಳಿಸಿದೆ. ಆಮೇಲೆ ಅವರ ಮುಖವನ್ನೂ ನೋಡಲಿಲ್ಲ."

"ಅವರದೇನೂ ತಪ್ಪಿರಲಿಲ್ಲ," ಎಂದೆ.

"ಈಗ ಎಲ್ಲಿದ್ದಾರೆ ಅವರು?"

ತೀರಿಕೊಂಡರು ಎಂದೆ.

ಚಹಾ ಬಂತು. ಅವರು ಎದ್ದು ಹೋಗಿ ಹೊರಬಾಗಿಲು ತೆರೆದು, ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತರು. ನಾನು ಕಪ್ಪು ಮುಟ್ಟದೆ ಹೊರಗೆ ಬಂದೆ. ಪರವಾಗಿಲ್ಲ ಎಂದು ಅವರು ಹೇಳಲಿಲ್ಲ.